ಫಾಬ್ರ್ ಮೇಷ್ಟ್ರು ಮತ್ತು ಪಂಜರದ ಪತಂಗ

ವಿಜ್ಞಾನ ಬೋಧನೆಯಲ್ಲಿ ವಿಜ್ಞಾನಿಗಳ ಜೀವನಕಥೆಯನ್ನು ಬಳಸಿಕೊಳ್ಳಬೇಕೆಂದು ನಮ್ಮ ಬೋಧನಾಶಾಸ್ತ್ರದ ಪುಸ್ತಕಗಳೆಲ್ಲ ಹೇಳುತ್ತವೆ. ತರಗತಿಗೆ ಬರುವಷ್ಟರಲ್ಲಿ ಮಾತ್ರ ಅದು ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಕಂಡುಹಿಡಿದ ಸಂಗತಿ ಎಂಬ ಮೂರು ಸಾಲಿಗೆ ಇಳಿದಿರುತ್ತದೆ. ಬಿಟ್ಟ ಸ್ಥಳ ತುಂಬುವುದಕ್ಕೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ವರ್ಷದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಎಂಟನೇ ತರಗತಿಯ ಬೆಳೆ ನಿರ್ವಹಣೆಯ ಪಾಠವೂ ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠವೂ ಬಂದವು. ಎರಡಕ್ಕೂ ಹೊಂದುವ ಒಂದು ವಸ್ತು ಹೊಲದಲ್ಲೇ ಇತ್ತು: ಕೋಲಿಗೆ ಕಟ್ಟಿದ, ತಟ್ಟೆಯಂಥ ಮುಚ್ಚಳದ ಕೆಳಗೆ ಉದ್ದನೆಯ ಪಾಲಿಥೀನ್ ಚೀಲ ನೇತಾಡುವ ಮೋಹಕ ಬಲೆ. ತೊಗರಿ ಬೆಳೆಯುವ ಕಡೆಯ ಮಕ್ಕಳಿಗೆ ಅದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಅದರೊಳಗೆ ಗಂಡು ಪತಂಗಗಳು ಮಾತ್ರ ಏಕೆ ಬಂದು ಬೀಳುತ್ತವೆ ಎಂದು ವಿವರಿಸಲು ಹೊರಟಾಗ ನಮ್ಮ ಬ್ಯಾಚಿನಲ್ಲಿ ಹಲವರು ಮಿಲನ ಎಂಬ ಪದದ ಬಳಿ ಬಂದು ತಡೆದು ನಿಲ್ಲುವುದನ್ನು ನೋಡಿದ್ದೇನೆ. ಹೆಣ್ಣು ಪತಂಗದ ವಾಸನೆ ಎನ್ನುವ ಬದಲು ಒಂದು ಬಗೆಯ ರಾಸಾಯನಿಕ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ.

ಆ ವಾಸನೆಯ ಹಿಂದೆ ಬಿದ್ದು ವರ್ಷಗಟ್ಟಲೆ ಪ್ರಯೋಗ ಮಾಡಿದವರು ಒಬ್ಬ ಶಾಲಾ ಮೇಷ್ಟ್ರು, ಅವರೂ ನಮ್ಮ ಹಾಗೆ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದಿದವರು, ಮತ್ತು ಇಂಥದೇ ಪಾಠ ಹೇಳಿದ್ದಕ್ಕೆ ಕೆಲಸ ಕಳೆದುಕೊಂಡವರು ಎಂದು ತಿಳಿದ ಮೇಲೆ ಬೇರೆ ವಿಜ್ಞಾನಿಯನ್ನು ಹುಡುಕುವ ಅಗತ್ಯ ಬೀಳಲಿಲ್ಲ. ಅವರ ಹೆಸರು ಜ್ಯಾಂ ಆನ್ರಿ ಫಾಬ್ರ್.

ಫಾಬ್ರ್ ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸ್ಯಾಂ ಲಿಯೋನ್ಸ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಸಾಕುವುದು ಕಷ್ಟವಾಗಿ ತಾಯಿ ತಂದೆ ಅವನನ್ನು ಚಿಕ್ಕಂದಿನಲ್ಲೇ ಅಜ್ಜ ಅಜ್ಜಿಯ ಹೊಲದ ಮನೆಗೆ ಕಳಿಸಿದರು. ಅಲ್ಲಿದ್ದಾಗಲೇ, ಐದಾರು ವರ್ಷದ ಪೋರ, ಒಂದು ಪ್ರಯೋಗ ಮಾಡಿದ. ಸೂರ್ಯನ ಬೆಳಕಿನ ಸುಖವನ್ನು ತಾನು ಅನುಭವಿಸುತ್ತಿರುವುದು ಬಾಯಿಂದಲೋ ಕಣ್ಣಿಂದಲೋ ಎಂಬ ಅನುಮಾನ ಅವನಿಗೆ. ಬಾಯಿ ತೆರೆದು ಕಣ್ಣು ಮುಚ್ಚಿದ, ಬೆಳಕು ಹೋಯಿತು. ಕಣ್ಣು ತೆರೆದು ಬಾಯಿ ಮುಚ್ಚಿದ, ಬೆಳಕು ಬಂತು. ಮತ್ತೊಮ್ಮೆ ಮಾಡಿ ನೋಡಿದ, ಅದೇ ಫಲ. ಸೂರ್ಯನನ್ನು ನೋಡುವುದು ಕಣ್ಣಿಂದ ಎಂದು ರಾತ್ರಿ ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರಂತೆ. ಈ ಘಟನೆಯನ್ನು ನಾನು ತರಗತಿಯಲ್ಲಿ ಮೊದಲಿಗೇ ಹೇಳುತ್ತೇನೆ. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಡುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಏಳನೇ ವರ್ಷಕ್ಕೆ ಹುಟ್ಟೂರಿಗೆ ಮರಳಿ ಶಾಲೆಗೆ ಸೇರಿದ. ಶಾಲೆ ಎಂದರೆ ಒಂದೇ ಕೋಣೆ. ಅಡುಗೆಯೂ ಅಲ್ಲೇ, ಊಟವೂ ಅಲ್ಲೇ, ಬಾಗಿಲು ತೆರೆದರೆ ಹಂದಿಮರಿಗಳೂ ಕೋಳಿಮರಿಗಳೂ ಒಳಗೆ. ಮೇಷ್ಟ್ರೇ ಊರಿನ ಕ್ಷೌರಿಕ, ಚರ್ಚಿನ ಗಂಟೆ ಬಾರಿಸುವವರೂ ಅವರೇ. ಅಕ್ಷರ ಹತ್ತಿದ್ದು ಶಾಲೆಯಲ್ಲಲ್ಲ, ಅಪ್ಪ ಪೇಟೆಯಿಂದ ತಂದುಕೊಟ್ಟ ಪ್ರಾಣಿಚಿತ್ರಗಳ ಅಕ್ಷರಮಾಲೆಯಿಂದ. ಅಪ್ಪ ಪಟ್ಟಣಗಳಲ್ಲಿ ಕಾಫಿ ಅಂಗಡಿ ಇಟ್ಟು ಒಂದಾದ ಮೇಲೊಂದು ಕಡೆ ನಷ್ಟ ಮಾಡಿಕೊಂಡರು. ಮನೆ ಚದುರಿತು. ಹುಡುಗ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲು ಹಳಿ ಹಾಕುವ ಕಡೆ ಕೂಲಿ ಮಾಡಿದ. ಕೊನೆಗೆ ಅವಿನ್ಯೋನಿನ ಶಿಕ್ಷಕರ ತರಬೇತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡ. ಮೂರು ಹೊತ್ತಿನ ಊಟ ಅಲ್ಲಿ ಗಟ್ಟಿಯಾಯಿತು.

1842ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮುಂಚೆ, ಕಾರ್ಪಾಂತ್ರಾ ಎಂಬ ಊರಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾದರು. ವರ್ಷಕ್ಕೆ 700 ಫ್ರಾಂಕ್ ಸಂಬಳ. ಅಲ್ಲಿನ ದಿನಗಳ ಎರಡು ಸಂಗತಿಗಳು ನಮ್ಮಂಥ ತರಬೇತಿಯವರಿಗೆ ವಿಶೇಷವಾಗಿ ಮುಖ್ಯ. ಒಂದು ದಿನ ಒಬ್ಬ ಯುವಕ ಬಂದು ಪರೀಕ್ಷೆಗಾಗಿ ತನಗೆ ಬೀಜಗಣಿತ ಹೇಳಿಕೊಡಬೇಕೆಂದು ಕೇಳಿದ. ಫಾಬ್ರ್ ಅವರಿಗೆ ಬೀಜಗಣಿತದ ಗಂಧವೂ ಇರಲಿಲ್ಲ. ಆದರೂ ಒಪ್ಪಿಕೊಂಡು ಎರಡು ದಿನ ಬಿಟ್ಟು ಬರಲು ಹೇಳಿದರು. ಊರಲ್ಲಿಲ್ಲದ ಸಹೋದ್ಯೋಗಿಯ ಕೋಣೆಯಿಂದ ಪುಸ್ತಕ ಎತ್ತಿಕೊಂಡು ಬಂದು ರಾತ್ರಿ ಕೂತು ಓದಿದರು. ವಿದ್ಯಾರ್ಥಿಗಿಂತ ಒಂದೇ ಪಾಠ ಮುಂದೆ ಇರುತ್ತಾ, ಅವನೊಂದಿಗೇ ಕಲಿಯುತ್ತಾ ಕೋರ್ಸು ಮುಗಿಸಿದರು. ಆತ ಪಾಸಾದ. ಮುಂದೆ ಫಾಬ್ರ್ ಸ್ವಂತ ಓದಿನಿಂದಲೇ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿಗಳನ್ನು ಪಡೆದರು.

ಎರಡನೆಯದು ಭೂಮಾಪನದ ಪಾಠ. ಅವರ ವಿದ್ಯಾರ್ಥಿಗಳು ರೈತರ ಮಕ್ಕಳು. ಹೊಲ ಅಳೆಯುವುದನ್ನು ಕಪ್ಪುಹಲಗೆಯ ಮೇಲೆ ಹೇಳಿ ಪ್ರಯೋಜನವಿಲ್ಲವೆಂದು ಅವರನ್ನು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಗೂಟ ನೆಡಲು ಕಳಿಸಿದ ಹುಡುಗರು ನಡುವೆ ಬಗ್ಗಿ ಕಲ್ಲುಗಳ ಬಳಿ ಏನನ್ನೋ ಹುಡುಕುತ್ತಿದ್ದರು. ನೋಡಿದರೆ ಕಲ್ಲಿಗೆ ಮಣ್ಣಿನ ಗೂಡು ಕಟ್ಟುವ ಒಂದು ಜಾತಿಯ ಜೇನುನೊಣ. ಆ ಗೂಡಿಗೆ ಹುಲ್ಲುಕಡ್ಡಿ ತೂರಿಸಿ ಹುಡುಗರು ಜೇನು ಹೀರುತ್ತಿದ್ದರು. ಮೇಷ್ಟ್ರು ಬೈಯಲಿಲ್ಲ, ತಾವೂ ಒಂದು ಕಡ್ಡಿ ಹಿಡಿದರು. ಅದರ ಬಗ್ಗೆ ಇನ್ನಷ್ಟು ತಿಳಿಯಬೇಕೆಂದು ಒಂದು ತಿಂಗಳ ಸಂಬಳವನ್ನು ಪೂರ್ತಿ ಕೊಟ್ಟು ಕೀಟಗಳ ಮೇಲಿನ ದೊಡ್ಡ ಪುಸ್ತಕವನ್ನು ಕೊಂಡರು. ಆ ತಿಂಗಳು ಮನೆ ಹೇಗೆ ನಡೆಯಿತೋ. ಅವರ ಕೀಟಜೀವನ ಶುರುವಾದದ್ದು ಅಲ್ಲಿಂದ, ಹುಡುಗರು ತೋರಿಸಿದ್ದರಿಂದ.

1849ರಲ್ಲಿ ಕಾರ್ಸಿಕಾ ದ್ವೀಪದ ಅಜಾಕ್ಸಿಯೋದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಲ್ಲಿ ಮೋಕಾಂ ತಾಂದೋಂ ಎಂಬ ಜೀವವಿಜ್ಞಾನಿ ಒಂದು ಬಸವನಹುಳುವನ್ನು ಹೊಲಿಗೆಯ ಕತ್ತರಿ, ಸೂಜಿಗಳಿಂದಲೇ ಬಿಡಿಸಿ ಅಂಗಾಂಗ ತೋರಿಸಿಕೊಟ್ಟು, ಗಣಿತ ಬಿಟ್ಟು ಪ್ರಾಣಿ ಸಸ್ಯಗಳ ಕಡೆಗೆ ಬರಲು ಬುದ್ಧಿ ಹೇಳಿದರು. 1853ರಲ್ಲಿ ಅವಿನ್ಯೋನಿಗೆ ಮರಳಿದರು. ಅಲ್ಲಿ ಮಾಡಿದ್ದು ಹದಿನೇಳು ವರ್ಷದ ಕೆಲಸ, ಸಂಬಳ 1600 ಫ್ರಾಂಕಿನಿಂದ ಮೇಲೇರಲಿಲ್ಲ. ಮನೆತುಂಬ ಮಕ್ಕಳು. ಬಿಡುವಿನ ವೇಳೆಯಲ್ಲಿ ಮಾಡಿದ ಕಣಜಗಳ ಅಧ್ಯಯನ ಮಾತ್ರ ಹೆಸರು ತಂದಿತು. ಡಾರ್ವಿನ್ ತಮ್ಮ ಗ್ರಂಥದಲ್ಲಿ ಅವರನ್ನು ಗೌರವದಿಂದ ಉಲ್ಲೇಖಿಸಿದರು, ಫಾಬ್ರ್ ಕೊನೆಯವರೆಗೂ ಡಾರ್ವಿನ್ನರ ವಿಕಾಸವಾದವನ್ನು ಒಪ್ಪದೆ ಉಳಿದರೂ.

ಒಮ್ಮೆ ಲೂಯಿ ಪಾಶ್ಚರ್ ಅವರ ಮನೆಗೆ ಬಂದರು. ಆಗ ಫ್ರಾನ್ಸಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ರೋಗ ಬಡಿದಿತ್ತು, ಇಲ್ಲಿಯ ಬೆಳೆಗಾರರು ಗಂಟು ರೋಗ ಎನ್ನುವುದು ಅದನ್ನೇ. ಸರ್ಕಾರ ಪಾಶ್ಚರ್ ಅವರನ್ನು ಅದರ ಪರಿಹಾರಕ್ಕೆ ನೇಮಿಸಿತ್ತು. ಪಾಶ್ಚರ್ ಅದುವರೆಗೆ ರೇಷ್ಮೆಗೂಡನ್ನೇ ನೋಡಿರಲಿಲ್ಲ. ಫಾಬ್ರ್ ಪಕ್ಕದ ಮನೆಯಿಂದ ತರಿಸಿಕೊಟ್ಟ ಗೂಡನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟರು. ಕೋಶಾವಸ್ಥೆ ಎಂದರೇನೆಂದು ಫಾಬ್ರ್ ಅವರಿಗೆ ಹೇಳಿಕೊಡಬೇಕಾಯಿತು. ಏನೂ ಗೊತ್ತಿಲ್ಲದೆ ಧೈರ್ಯವಾಗಿ ಬಂದು ಕೇಳುವ ಆ ರೀತಿಯನ್ನು ಫಾಬ್ರ್ ಮೆಚ್ಚಿಕೊಂಡರು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಇಟ್ಟುಕೊಳ್ಳುವ ಕ್ರಮವನ್ನು ಪಾಶ್ಚರ್ ಮುಂದೆ ರೂಪಿಸಿದರು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ಪರೀಕ್ಷೆ.

ಇನ್ನು ಕೆಲಸ ಹೋದ ಕಥೆ. 1860ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಶಿಕ್ಷಣ ಮಂತ್ರಿ ವಿಕ್ತೋರ್ ದ್ಯುರುಯಿ ಸಾರ್ವಜನಿಕರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮುಕ್ತ ತರಗತಿಗಳನ್ನು ಆರಂಭಿಸಲು ಉತ್ತೇಜನ ಕೊಟ್ಟರು. ಅವಿನ್ಯೋನಿನಲ್ಲಿ ಫಾಬ್ರ್ ಅದನ್ನು ವಹಿಸಿಕೊಂಡರು. ಗಾಳಿ ಎಂದರೇನು, ನೀರು ಎಂದರೇನು, ಮಿಂಚು ಹೇಗೆ, ಗಿಡ ಹೇಗೆ ಬೆಳೆಯುತ್ತದೆ ಎಂಬ ಪಾಠಗಳು. ಸಭಾಂಗಣ ತುಂಬಿ ತುಳುಕುತ್ತಿತ್ತು. ಹೂವಿನ ಪರಾಗ ಅಂಡಾಶಯಕ್ಕೆ ತಲುಪಿ ಬೀಜವಾಗುವ ಬಗೆಯನ್ನು ಹುಡುಗಿಯರ ಮುಂದೆ ವಿವರಿಸಿದರೆಂಬುದೇ ಊರಿನ ಸಂಪ್ರದಾಯಸ್ಥರಿಗೆ ಅಪರಾಧವಾಗಿ ಕಂಡಿತು. ಚರ್ಚಿನ ವೇದಿಕೆಯಿಂದ ಖಂಡನೆ ಬಂತು. ಮನೆಯ ಒಡತಿಯರಾದ ಇಬ್ಬರು ವಯಸ್ಸಾದ ಅಕ್ಕತಂಗಿಯರು, ಬರಹದ ಕರಾರು ಇಲ್ಲದ್ದರಿಂದ, ತಿಂಗಳೊಳಗೆ ಮನೆ ಖಾಲಿ ಮಾಡಿಸಿದರು. ಮಂತ್ರಿಯೂ ಅಷ್ಟರಲ್ಲಿ ಪದವಿಯಲ್ಲಿರಲಿಲ್ಲ. 1870ರಲ್ಲಿ ಅಧ್ಯಾಪಕ ವೃತ್ತಿ ಮುಗಿಯಿತು, ಪಿಂಚಣಿಯೂ ಇಲ್ಲ. ಸಾಮಾನು ಸಾಗಿಸುವುದಕ್ಕೂ ಕಾಸಿಲ್ಲದ ಆ ಹೊತ್ತಿನಲ್ಲಿ ಅವಿನ್ಯೋನಿನಲ್ಲೇ ವಾಸವಾಗಿದ್ದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಪತ್ರವಿಲ್ಲದೆ 3000 ಫ್ರಾಂಕ್ ಸಾಲ ಕೊಟ್ಟರು. ಫಾಬ್ರ್ ಅದನ್ನು ತೀರಿಸಿದರು.

ನೂರೈವತ್ತು ವರ್ಷ ಕಳೆದಿದೆ. ಇವತ್ತು ಪರಾಗಸ್ಪರ್ಶದ ಪಾಠಕ್ಕೆ ಯಾರೂ ಮನೆ ಬಿಡಿಸುವುದಿಲ್ಲ. ಆದರೂ ಸಂತಾನೋತ್ಪತ್ತಿಯ ಪಾಠವನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಬಿಡುವ ಅಭ್ಯಾಸ ನಮ್ಮಲ್ಲಿ ಪೂರಾ ಹೋಗಿಲ್ಲ ಎಂಬುದು ಈ ಪತ್ರಿಕೆ ಓದುವವರಿಗೆ ಗೊತ್ತಿರುವ ಮಾತೇ. ನನ್ನ ತರಗತಿಯಲ್ಲಿ ಹೂವಿನಿಂದ ಆರಂಭಿಸಿ, ಈ ಕಥೆ ಹೇಳಿ, ಪತಂಗಕ್ಕೆ ಬಂದೆ. ಹಿಂದಿನ ಬೆಂಚಿನ ಮುಸಿಮುಸಿ ನಗು ಎರಡು ನಿಮಿಷ ಇತ್ತು, ಪ್ರಯೋಗದ ವಿವರ ಶುರುವಾದ ಮೇಲೆ ನಿಂತಿತು.

ಮುಂದಿನ ವರ್ಷಗಳಲ್ಲಿ ಫಾಬ್ರ್ ಬದುಕಿದ್ದು ಬರಹದಿಂದ. ಒರಾಂಜ್ ಎಂಬ ಊರಿನಲ್ಲಿ ಕೂತು ಶಾಲಾ ಮಕ್ಕಳಿಗಾಗಿ ಪುಸ್ತಕದ ಮೇಲೆ ಪುಸ್ತಕ ಬರೆದರು, ಜೀವಮಾನದಲ್ಲಿ ಸುಮಾರು ನೂರರಷ್ಟು. 1877ರಲ್ಲಿ ಹದಿನಾರು ವರ್ಷದ ಮಗ ಜ್ಯೂಲ್ ತೀರಿಕೊಂಡ. ಕೀಟ ಹುಡುಕುವುದರಲ್ಲಿ ಅಪ್ಪನ ಬಲಗೈ ಆಗಿದ್ದವನು ಅವನು. ಎರಡು ವರ್ಷದ ನಂತರ ಪುಸ್ತಕಗಳ ಹಣದಿಂದ ಸೆರಿನ್ಯಾಂ ಎಂಬ ಹಳ್ಳಿಯಲ್ಲಿ ಒಂದು ಮನೆ, ಅದರ ಜೊತೆ ಕಲ್ಲು ಮುಳ್ಳಿನ ಒಂದು ತುಂಡು ಪಾಳು ಭೂಮಿ ಕೊಂಡರು. ಅಲ್ಲಿಯ ಆಡುಮಾತಿನಲ್ಲಿ ಉಳುಮೆಗೆ ಬಾರದ ನೆಲಕ್ಕೆ ಅರ್ಮಾಸ್ ಎನ್ನುತ್ತಾರೆ. ಅದೇ ಅದರ ಹೆಸರಾಯಿತು. ರೈತನಿಗೆ ಬೇಡವಾದ ಆ ನೆಲ ಕಣಜ, ಜೀರುಂಡೆ, ಜೇನುನೊಣಗಳಿಗೆ ಸ್ವರ್ಗ. ಐವತ್ತೈದನೇ ವಯಸ್ಸಿನಲ್ಲಿ ಸಿಕ್ಕ ಪ್ರಯೋಗಾಲಯ ಅದು. ಕೀಟಗಳನ್ನು ಕುರಿತ ಅವರ ನೆನಪುಗಳ ಹತ್ತು ಸಂಪುಟಗಳು 1879ರಿಂದ 1907ರವರೆಗೆ ಹೊರಬಂದವು. ಮೊದಲ ಹೆಂಡತಿ 1885ರಲ್ಲಿ ತೀರಿಕೊಂಡ ಮೇಲೆ ಮರುಮದುವೆಯಾದರು, ಮತ್ತೆ ಮೂವರು ಮಕ್ಕಳಾದರು. ಅವರಲ್ಲಿ ಪೋಲ್ ಎಂಬ ಪುಟ್ಟ ಹುಡುಗ ನಮ್ಮ ಕಥೆಗೆ ಬೇಕು.

ಫಾಬ್ರ್ ಆಗ ಎಪ್ಪತ್ತರ ಆಸುಪಾಸಿನವರು. ಒಂದು ಮೇ 6ರ ಬೆಳಿಗ್ಗೆ ಅವರ ಪ್ರಯೋಗ ಕೋಣೆಯ ಮೇಜಿನ ಮೇಲೆ ಗೂಡಿನಿಂದ ಒಂದು ಹೆಣ್ಣು ಪತಂಗ ಹೊರಬಂತು. ಯೂರೋಪಿನ ಅತಿ ದೊಡ್ಡ ಪತಂಗ, ರೆಕ್ಕೆಯ ಮೇಲೆ ನವಿಲುಗಣ್ಣಿನಂಥ ಚಿತ್ತಾರ. ತಂತಿಬಲೆಯ ಗಂಟೆಯಾಕಾರದ ಪಂಜರವನ್ನು ಅದರ ಮೇಲೆ ಮುಚ್ಚಿಟ್ಟರು, ವಿಶೇಷ ಉದ್ದೇಶವೇನೂ ಇರಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಮಲಗಲು ಹೊರಟಿದ್ದ ಪೋಲ್ ಅರ್ಧ ಬಟ್ಟೆಯಲ್ಲಿ ಕುಣಿದಾಡುತ್ತಾ, ಕೋಣೆಯ ತುಂಬ ಹಕ್ಕಿಯಷ್ಟು ದೊಡ್ಡ ಪತಂಗಗಳಿವೆಯೆಂದು ಅಪ್ಪನನ್ನು ಕೂಗಿದ. ಮೇಣದಬತ್ತಿ ಹಿಡಿದು ಹೋದರೆ ಅಡುಗೆಮನೆಯಲ್ಲಿ ಕೆಲಸದಾಕೆ ಬಾವಲಿಗಳೆಂದುಕೊಂಡು ಸೆರಗಿನಲ್ಲಿ ಹೊಡೆದಟ್ಟುತ್ತಿದ್ದಾಳೆ. ಕಿಟಕಿ ತೆರೆದಿದ್ದ ಪ್ರಯೋಗ ಕೋಣೆಯಲ್ಲಿ ಪಂಜರದ ಸುತ್ತ ಗಂಡು ಪತಂಗಗಳ ಹಿಂಡು. ರೆಕ್ಕೆಯ ಗಾಳಿಗೆ ಬತ್ತಿ ಆರಿತು. ಮನೆಯಲ್ಲೆಲ್ಲ ಸೇರಿ ಸುಮಾರು ನಲವತ್ತು. ಎಂಟು ರಾತ್ರಿಗಳಲ್ಲಿ ಬಂದವು ನೂರೈವತ್ತು.

ಎಲ್ಲಿಂದ ಬಂದವು? ಈ ಪತಂಗದ ಮರಿಹುಳು ಅಲ್ಲಿ ಬಾದಾಮಿ ಮರದ ಎಲೆ ತಿನ್ನುತ್ತದೆ, ಬಾದಾಮಿ ಮರಗಳು ಆ ಸುತ್ತಿನಲ್ಲಿ ಕಡಿಮೆ. ಎರಡು ಚಳಿಗಾಲ ಸುತ್ತಲ ಹಳೆಯ ಮರಗಳ ಬುಡ ಹುಡುಕಿದರೂ ಒಂದು ಗೂಡು ಸಿಗಲಿಲ್ಲ. ಹಾಗಾದರೆ ಅವು ದೂರದಿಂದಲೇ ಬಂದಿರಬೇಕು. ಅದೂ ಮೋಡ ಕವಿದ ಕಗ್ಗತ್ತಲಲ್ಲಿ, ಮರಗಳು ಮರೆಮಾಡಿದ ಮನೆಯೊಳಗೆ. ಕಣ್ಣಿನ ಕೆಲಸವಲ್ಲ.

ಗಂಡಿನ ತಲೆಯ ಮೇಲೆ ಗರಿಯಂಥ ದೊಡ್ಡ ಮೀಸೆಗಳಿವೆ. ಕೆಲವು ಪತಂಗಗಳ ಮೀಸೆ ಕತ್ತರಿಸಿ ಬಿಟ್ಟರು. ಮರುರಾತ್ರಿ ಮೀಸೆ ಇಲ್ಲದವು ಹೆಚ್ಚುಕಡಿಮೆ ಬರಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಪಠ್ಯಪುಸ್ತಕಕ್ಕೆ ತಕ್ಕ ಚೊಕ್ಕ ತೀರ್ಮಾನವಾಗುತ್ತಿತ್ತು. ಫಾಬ್ರ್ ನಿಲ್ಲಿಸಲಿಲ್ಲ. ಇನ್ನು ಕೆಲವನ್ನು ಹಿಡಿದು ಮೀಸೆ ಮುಟ್ಟದೆ, ಗುರುತಿಗಾಗಿ ಬೆನ್ನಿನ ರೋಮ ಮಾತ್ರ ಕಿತ್ತು ಬಿಟ್ಟರು. ಅವುಗಳಲ್ಲೂ ಹೆಚ್ಚಿನವು ತಿರುಗಿ ಬರಲಿಲ್ಲ. ಈ ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ, ಎರಡು ಮೂರು ರಾತ್ರಿಗಳಲ್ಲಿ ಅದರ ಆಯುಷ್ಯ ಮುಗಿಯುತ್ತದೆ. ಬಾರದಿದ್ದದ್ದು ಮೀಸೆ ಹೋದದ್ದರಿಂದಲೋ ಶಕ್ತಿ ಮುಗಿದದ್ದರಿಂದಲೋ ಹೇಳುವಂತಿಲ್ಲ ಎಂದು ಬರೆದಿಟ್ಟರು. ನಿಯಂತ್ರಿತ ಗುಂಪು ಏಕೆ ಬೇಕು ಎಂದು ಮಕ್ಕಳು ಕೇಳಿದಾಗ ನಾನು ತೋರಿಸುವುದು ಬೆನ್ನಿನ ರೋಮ ಕಿತ್ತ ಆ ಪತಂಗಗಳನ್ನು.

ಮುಂದಿನ ಪ್ರಯೋಗಗಳು ಸ್ಪಷ್ಟ ಉತ್ತರ ಕೊಟ್ಟವು. ಹೆಣ್ಣನ್ನು ಗಾಜಿನಲ್ಲೋ ತಗಡಿನಲ್ಲೋ ಮರದಲ್ಲೋ ಬಿಗಿಯಾಗಿ ಮುಚ್ಚಿಟ್ಟರೆ ಒಂದೂ ಗಂಡು ಬರಲಿಲ್ಲ. ಮುಚ್ಚಳದಲ್ಲಿ ಸಣ್ಣ ಸಂದು ಇದ್ದರೆ, ಡಬ್ಬವನ್ನು ಕಪಾಟಿನೊಳಗೆ ಇಟ್ಟರೂ ಬಂದವು. ನುಸಿಗುಳಿಗೆಯ ಘಾಟು ಸುತ್ತ ಹರಡಿದರೂ ದಾರಿ ತಪ್ಪಲಿಲ್ಲ.

ಇದಕ್ಕಿಂತ ನನಗೆ ಇಷ್ಟವಾದದ್ದು ಓಕ್ ಮರದ ಕಂದು ಪತಂಗದ ಪ್ರಯೋಗ. ಟೊಮೆಟೊ, ಟರ್ನಿಪ್ ಮಾರಲು ಬರುತ್ತಿದ್ದ ಏಳು ವರ್ಷದ ಒಬ್ಬ ಬರಿಗಾಲಿನ ಹುಡುಗ ಅದರ ಗೂಡು ತಂದುಕೊಟ್ಟ. ಹೆಣ್ಣು ಹೊರಬಂತು, ಹಗಲಿನಲ್ಲೇ ಸುಮಾರು ಅರವತ್ತು ಗಂಡುಗಳು ಬಂದವು. ಅಷ್ಟರಲ್ಲಿ ಯಾರೋ ಕೊಟ್ಟ ಒಂದು ಸಣ್ಣ ಬೇಟೆಗಾರ ಕೀಟವನ್ನು, ನಾವು ಸೂರ್ಯನ ಕುದುರೆ ಎನ್ನುವ ಕೀಟದ ಬಳಗದ್ದು, ಅದೇ ಪಂಜರದಲ್ಲಿ ಬಿಟ್ಟರು. ಬೆಳಗಾಗುವಷ್ಟರಲ್ಲಿ ಅದು ಪತಂಗವನ್ನು ತಿನ್ನುತ್ತಿತ್ತು. ಇನ್ನೊಂದು ಗೂಡು ಸಿಗಲು ಮೂರು ವರ್ಷ ಕಾಯಬೇಕಾಯಿತು.

ಮೂರು ವರ್ಷದ ನಂತರ ಮಾಡಿದ್ದು ಇದು. ಹೆಣ್ಣನ್ನು ಗಾಜಿನ ಗಂಟೆಯೊಳಗೆ ಹಾಕಿ ಕಿಟಕಿಯ ಎದುರಿಗೆ, ಬರುವವರಿಗೆಲ್ಲ ಕಾಣುವಂತೆ ಇಟ್ಟರು. ಹಿಂದಿನ ರಾತ್ರಿ ಅದು ಕೂತಿದ್ದ ಮರಳಿನ ತಟ್ಟೆಯನ್ನೂ ತಂತಿಬಲೆಯನ್ನೂ ಕೋಣೆಯ ಕತ್ತಲ ಮೂಲೆಗೆ ಸರಿಸಿದರು. ಗಂಡುಗಳು ಕಿಟಕಿಯಿಂದ ಬಂದವು, ಗಾಜಿನೊಳಗೆ ಕಣ್ಣೆದುರೇ ಕೂತ ಹೆಣ್ಣನ್ನು ದಾಟಿಕೊಂಡು ಹೋಗಿ ಖಾಲಿ ತಟ್ಟೆಯ ಸುತ್ತ ರೆಕ್ಕೆ ಬಡಿದವು. ಹೆಣ್ಣು ಕೂತೆದ್ದ ಓಕ್ ರೆಂಬೆಗೆ ಬಂದವು, ಕುರ್ಚಿಗೂ ಬಂದವು. ಯಾವ ವಸ್ತು ಆ ವಾಸನೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂದೂ ನೋಡಿದರು. ಉಣ್ಣೆಬಟ್ಟೆ, ಹತ್ತಿ, ಮರಳು ಚೆನ್ನಾಗಿ ಹಿಡಿದವು, ಲೋಹ ಮತ್ತು ಗಾಜು ಬೇಗ ಬಿಟ್ಟುಕೊಟ್ಟವು.

ಇಷ್ಟೆಲ್ಲ ಕೈಯಲ್ಲಿದ್ದೂ ಫಾಬ್ರ್ ಅವರಿಗೆ ತಮ್ಮ ಉತ್ತರವನ್ನೇ ಪೂರ್ತಿ ನಂಬಲಾಗಲಿಲ್ಲ. ಮನುಷ್ಯನ ಮೂಗಿಗೆ ಏನೂ ತಿಳಿಯದಷ್ಟು ಅಲ್ಪ ವಸ್ತು ಕಿಲೋಮೀಟರುಗಟ್ಟಲೆ ಗಾಳಿಯನ್ನು ತುಂಬುವುದೆಂದರೆ ಒಂದು ಕಣ ಬಣ್ಣ ಹಾಕಿ ಕೆರೆಯನ್ನೇ ಕೆಂಪಾಗಿಸಿದಂತೆ ಎಂದು ಅವರಿಗೆ ಅನಿಸಿತು. ಇನ್ನೊಂದು ತೊಡಕೂ ಇತ್ತು. ಕಿರಿಯ ನವಿಲು ಪತಂಗದ ಗಂಡುಗಳು ಜೋರಾದ ಉತ್ತರದ ಗಾಳಿಯ ದಿನ ಗಾಳಿಯೊಂದಿಗೇ ತೇಲಿ ಬಂದಿದ್ದವು, ವಾಸನೆ ಹಿಡಿದು ಬರುವುದಾದರೆ ಗಾಳಿಗೆ ಎದುರಾಗಿ ಬರಬೇಕಿತ್ತು. ಆಗ ತಾನೇ ಎಕ್ಸ್ ಕಿರಣಗಳು ಸುದ್ದಿಯಲ್ಲಿದ್ದವು. ವಾಸನೆಗೂ ಕಣಗಳ ಜೊತೆಗೆ ಬೆಳಕಿನಂಥ ಒಂದು ಅಲೆಯ ರೂಪ ಇರಬಹುದೆಂದು ಅವರು ಊಹಿಸಿದರು. ಊಹೆ ನಿಲ್ಲಲಿಲ್ಲ. ಅವರು ಬರೆದಿಟ್ಟ ತಟ್ಟೆ, ಗಾಜು, ಉಣ್ಣೆಬಟ್ಟೆಯ ವಿವರಗಳು ಮಾತ್ರ ಹಾಗೇ ನಿಂತವು. ವೀಕ್ಷಣೆ ಮತ್ತು ಅನುಮಾನ ಎಂಬ ಎರಡು ಕಾಲಂ ಎಳೆಸಿ, ಈ ಕಥೆಯ ಒಂದೊಂದು ವಾಕ್ಯ ಯಾವ ಕಡೆಗೆ ಎಂದು ಮಕ್ಕಳಿಂದಲೇ ತುಂಬಿಸಿದೆ. ಅಲೆಯ ಮಾತನ್ನು ವೀಕ್ಷಣೆಯ ಕಡೆ ಬರೆದವರು ಮೂವರು, ಉಳಿದ ಮಕ್ಕಳೇ ಅವರೊಂದಿಗೆ ವಾದ ಮಾಡಿ ತಿದ್ದಿದರು.

ಫಾಬ್ರ್ 1915ರ ಅಕ್ಟೋಬರ್ 11ರಂದು, ತೊಂಬತ್ತೊಂದನೇ ವಯಸ್ಸಿನಲ್ಲಿ ಅರ್ಮಾಸ್‌ನಲ್ಲೇ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಕೀರ್ತಿ ಬಂದಿತ್ತು, ದೇಶದ ಅಧ್ಯಕ್ಷರೇ ಮನೆಗೆ ಬಂದು ಹೋಗಿದ್ದರು. ಮನೆ ಈಗ ವಸ್ತುಸಂಗ್ರಹಾಲಯ.

ಅವರ ಕೆರೆಯ ಲೆಕ್ಕ ಎಲ್ಲಿ ತಪ್ಪಿತ್ತೆಂದು ತಿಳಿಯಲು ಇನ್ನೂ ನಲವತ್ತನಾಲ್ಕು ವರ್ಷ ಬೇಕಾಯಿತು. ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು ರೇಷ್ಮೆ ಚಿಟ್ಟೆಯನ್ನು ಆರಿಸಿಕೊಂಡು ಸುಮಾರು ಐದು ಲಕ್ಷ ಹೆಣ್ಣುಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ವಸ್ತುವನ್ನು ಬೇರ್ಪಡಿಸಿ, 1959ರಲ್ಲಿ ಅದರ ರಚನೆ ಪ್ರಕಟಿಸಿದರು. ಅದೇ ಬಾಂಬಿಕಾಲ್. ಇಂಥ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ಗಾಳಿಯೆಲ್ಲ ತುಂಬಬೇಕಾಗಿಲ್ಲ. ವಾಸನೆ ಹೊಗೆಯ ಎಳೆಯಂತೆ ಹರಿಯುತ್ತದೆ, ಗಂಡಿನ ಮೀಸೆಯ ಸಾವಿರಾರು ರೋಮಗಳಿಗೆ ಅತಿ ಕಡಿಮೆ ಸಂಖ್ಯೆಯ ಅಣುಗಳು ತಾಗಿದರೂ ಸಾಕು. ಎಳೆ ಸಿಗುವ ತನಕ ಪತಂಗ ಯಾವ ದಿಕ್ಕಿಗಾದರೂ ಹಾರಾಡುತ್ತದೆ, ಸಿಕ್ಕ ಮೇಲೆ ಅಡ್ಡಡ್ಡ ತೂಗುತ್ತಾ ಗಾಳಿಗೆ ಎದುರಾಗಿ ಏರುತ್ತದೆ.

ಎಂಟನೇ ತರಗತಿಗೆ ಬೇಕಾದದ್ದು ಇಲ್ಲಿಂದ ಮುಂದೆ. ಫಾಬ್ರ್ ಅವರ ಉಣ್ಣೆಬಟ್ಟೆಯ ಜಾಗದಲ್ಲಿ ಈಗ ರಬ್ಬರಿನ ಸಣ್ಣ ಬಿರಡೆ ಇದೆ, ನಾವು ಲ್ಯೂರ್ ಎನ್ನುವುದು. ವಾಸನೆಯನ್ನು ಹೀರಿಕೊಂಡು ವಾರಗಟ್ಟಲೆ ನಿಧಾನ ಬಿಡುತ್ತದೆ. ಹೊಲಕ್ಕೆ ಕಟ್ಟುವ ತನಕ ಅದನ್ನು ಬಿಗಿಯಾದ ಪೊಟ್ಟಣದಲ್ಲಿ ಇಡುವುದಕ್ಕೂ ಅವರ ಗಾಜಿನ ಗಂಟೆಗೂ ಕಾರಣ ಒಂದೇ.

ಪತಂಗಗಳಿಗಷ್ಟೇ ಅಲ್ಲ, ಜೀರುಂಡೆಗಳಿಗೂ ಈ ಬಲೆಗಳಿವೆ. ಯೂರೋಪಿನ ರೈತರಿಗೆ ದೊಡ್ಡ ತಲೆನೋವು ಅಗ್ರಿಯೋಟಿಸ್ ಕುಲದ ಕ್ಲಿಕ್ ಜೀರುಂಡೆ. ಬೆನ್ನ ಮೇಲೆ ಮಲಗಿಸಿದರೆ ಟಕ್ ಎಂದು ಸದ್ದು ಮಾಡಿ ಚಿಮ್ಮಿ ನೆಟ್ಟಗಾಗುವ ಬಗೆಯದು. ಜೀರುಂಡೆಯಿಂದ ತೊಂದರೆ ಕಡಿಮೆ. ಅದರ ಮರಿಹುಳು ತಂತಿಯ ತುಂಡಿನಂತೆ ಗಟ್ಟಿಯಾಗಿ, ಹಳದಿಯಾಗಿ, ಮಣ್ಣಿನೊಳಗೆ ಹಲವು ವರ್ಷ ಇದ್ದು ಆಲೂಗಡ್ಡೆಗೆ ತೂತು ಕೊರೆಯುತ್ತದೆ, ಜೋಳ ಗೋಧಿಯ ಮೊಳಕೆ ಕತ್ತರಿಸುತ್ತದೆ. ಹೆಣ್ಣು ಬಿಡುವ ವಾಸನೆ ಜೆರಾನಿಯಾಲ್‌ನ ಎಸ್ಟರುಗಳು. ಜೆರಾನಿಯಾಲ್ ಗುಲಾಬಿ ಎಣ್ಣೆಯಲ್ಲೂ ಇರುವ ವಸ್ತು. ಒಂದು ಜಾತಿಗೆ ಅದರ ಬ್ಯುಟನೋಯೇಟ್, ಇನ್ನೊಂದಕ್ಕೆ ಆಕ್ಟನೋಯೇಟ್, ಮತ್ತೊಂದಕ್ಕೆ ಆಕ್ಟನೋಯೇಟ್ ಹೆಕ್ಸನೋಯೇಟ್‌ಗಳ ಬೆರಕೆ. ಇಂಗಾಲದ ಸರಪಳಿ ಎರಡು ಕೊಂಡಿ ಉದ್ದವಾದರೆ ಬರುವ ಜೀರುಂಡೆಯೇ ಬೇರೆ. ಬಿ.ಎಸ್ಸಿ.ಯಲ್ಲಿ ಎಸ್ಟರುಗಳನ್ನು ಹಣ್ಣಿನ ವಾಸನೆಯ ಪಟ್ಟಿಯಾಗಿ ಓದಿದ ನಮಗೆ ಇದು ಹೊಸ ಉದಾಹರಣೆ. ಹಂಗೇರಿಯ ಸಂಶೋಧಕರು ಈ ಜಾತಿಗಳಿಗೆ ಲ್ಯೂರುಗಳನ್ನೂ ನೆಲಮಟ್ಟದಲ್ಲಿ ಇಡುವ ಆಲಿಕೆ ಬಲೆಗಳನ್ನೂ ರೂಪಿಸಿ ಯೂರೋಪಿನ ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ.

ಬಲೆ ಹೇಳುವುದೆಷ್ಟು ಎಂಬುದನ್ನೂ ಮಕ್ಕಳಿಗೆ ಹೇಳಬೇಕು, ಇಲ್ಲದಿದ್ದರೆ ಬಲೆ ಕಟ್ಟಿದರೆ ಕೀಟ ಹೋಯಿತು ಎಂದುಕೊಳ್ಳುತ್ತಾರೆ. ಈ ಪ್ರದೇಶದಲ್ಲಿ ಯಾವ ಜಾತಿ ಇದೆ, ಯಾವ ವಾರ ಹಾರಾಟ ಶುರುವಾಯಿತು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ, ಇಷ್ಟನ್ನು ಅದು ಹೇಳುತ್ತದೆ. ಬಿದ್ದದ್ದು ಈ ವರ್ಷದ ಗಂಡು ಜೀರುಂಡೆ, ಗೆಡ್ಡೆ ಕೊರೆಯುತ್ತಿರುವುದು ಹಿಂದಿನ ವರ್ಷಗಳಲ್ಲಿ ಇಟ್ಟ ಮೊಟ್ಟೆಯ ಹುಳು. ಬಲೆಯಲ್ಲಿ ಹತ್ತು ಬಿದ್ದರೆ ಮಣ್ಣಿನಲ್ಲಿ ಇಷ್ಟು ಎಂಬ ನೇರ ಲೆಕ್ಕ ಇಲ್ಲ. ಅದಕ್ಕೆ ಮೊಳಕೆ ಬಂದ ಕಾಳನ್ನು ಮಣ್ಣಿನಲ್ಲಿ ಹೂತು, ಕೆಲವು ದಿನ ಬಿಟ್ಟು ಅಗೆದು ಎಣಿಸುತ್ತಾರೆ.

ಕೊನೆಗೆ, ಈ ಪಾಠಕ್ಕೆ ಮಾಡಿಸಬಹುದಾದ ಚಟುವಟಿಕೆ. ರೇಷ್ಮೆ ಬೆಳೆಯುವ ಊರಿನ ಶಾಲೆಯಾದರೆ ನಾಲ್ಕಾರು ಗೂಡು ಕೇಳಿ ತನ್ನಿ, ಚಿಟ್ಟೆ ಹೊರಬರಲಿ. ಹೆಣ್ಣಿನ ಹೊಟ್ಟೆ ದಪ್ಪ, ಗಂಡಿನದು ಸಣ್ಣ, ಮಕ್ಕಳೇ ಗುರುತಿಸುತ್ತಾರೆ. ಬಂದ ತಕ್ಷಣ ಬೇರೆ ಬೇರೆ ಡಬ್ಬಗಳಲ್ಲಿ ಹಾಕಿ. ಹೆಣ್ಣನ್ನು ಒಂದು ತುಂಡು ಹೀರುಕಾಗದದ ಮೇಲೆ ಕೆಲವು ಗಂಟೆ ಕೂರಿಸಿ. ಅದೇ ಅಳತೆಯ ಇನ್ನೊಂದು ಕಾಗದ ಹೆಣ್ಣಿನ ಹತ್ತಿರಕ್ಕೂ ಹೋಗಬಾರದು. ಮೂರನೆಯದಾಗಿ ಹೆಣ್ಣನ್ನೇ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಡಿ. ಗಂಡನ್ನು ಒಂದೊಂದರ ಬಳಿಗೂ ಸರದಿಯಂತೆ ಬಿಟ್ಟು ಯಾವುದಕ್ಕೆ ರೆಕ್ಕೆ ಬಡಿಯುತ್ತಾ ಸುತ್ತುತ್ತದೆ ನೋಡಿ. ಸಾಕಿದ ರೇಷ್ಮೆ ಚಿಟ್ಟೆ ಹಾರಲಾರದು,  ಆದ್ದರಿಂದ ಕಿಟಕಿ ಮುಚ್ಚುವ ಗೊಡವೆ ಇಲ್ಲ. ಕಾಗದಗಳನ್ನು ಇಬ್ಬರು ಬೇರೆ ಬೇರೆ ಮಕ್ಕಳು ಚಿಮಟದಲ್ಲೇ ಎತ್ತಬೇಕು. ಹೆಣ್ಣನ್ನು ಮುಟ್ಟಿದ ಕೈಯಿಂದ ಎರಡನೆಯ ಕಾಗದ ಮುಟ್ಟಿದರೆ ಗಂಡು ಅದರ ಸುತ್ತಲೂ ಕುಣಿಯುತ್ತದೆ.